ರಾಮ್ ಎಂದು ಬರೆದ ಪೆಟ್ಟಿಗೆ

"ಪೆಟ್ಟಿಗಿ ಕಳದಿಲ್ಲ," ಎಂದಳು ಪ್ರಭಾ ಹೊಸಮನಿ, ಸೀಟ್‌ಬೆಲ್ಟ್ ಬಿಚ್ಚುತ್ತ.

ಕಾರಿನ ಕೀಲಿ ತೆಗೆಯುತ್ತಿದ್ದ ಶ್ರೀಲಕ್ಷ್ಮಿಯ ಕೈ ಅಲ್ಲೇ ನಿಂತಿತು. "ಕಳೆದಿಲ್ವಾ? ಪ್ರಭಕ್ಕ, ಇಡೀ ಕ್ರೈಸ್ಟ್‌ಚರ್ಚ್ ಅದನ್ನ ಹುಡುಕ್ತಿದೆ."

"ಇಡೀ ಕ್ರೈಸ್ಟ್‌ಚರ್ಚ್ ಹುಡುಕಾಕತ್ತಿದ್ದು ಒಂದು ಅನ್ನೋ ನಂಬರ್. ನಾ ಹುಡುಕಿದ್ದು ಪೆಟ್ಟಿಗಿ."

ಪ್ರದರ್ಶನಕ್ಕೆಂದು ರಾಜಸ್ಥಾನದಿಂದ ತರಿಸಿದ್ದ, ಅಭಯಗಂಜ್ ಮಂಡಿಯ ದೊಡ್ಡ ತಕ್ಕಡಿಯ ಪೆಟ್ಟಿಗೆ ಕಾಣೆಯಾಗಿ ವಾರವಾಗಿತ್ತು. ಅದನ್ನು ಲಿಟಲ್‌ಟನ್ ಬಂದರಿನಿಂದ ಲಾರಿಗೆ ಹೇರಿಸಿ ಕಳಿಸಿದ್ದವನು ಶ್ರೀಲಕ್ಷ್ಮಿಯ ಗಂಡ, ಎಂಜಿನಿಯರ್ ಮುರಳಿ. ಇವತ್ತು ಮಧ್ಯಾಹ್ನ ಮೂರು ಗಂಟೆಗೆ ಗ್ಯಾಲರಿಯವರು ಅವನ ಹೆಸರನ್ನು ಪೊಲೀಸರಿಗೆ ಕೊಡುವವರಿದ್ದರು.

"ಒಳಗ ಬಂದ್ ಮ್ಯಾಲ ನೀ ಮಾತಾಡಬ್ಯಾಡ," ಎಂದಳು ಪ್ರಭಾ. "ಅಳೂದು ಬ್ಯಾಡ, ಬೈಯೂದೂ ಬ್ಯಾಡ. ಚೀಲಾ ಹಿಡಿ ಅಂದಾಗ ಚೀಲಾ ಹಿಡಿ. ಅಷ್ಟ."

"ಯಾವ ಚೀಲ?"

"ಹೇಳ್ತೀನಿ ಬಾ."

ವಾಯುವ್ಯದ ಬಿಸಿಗಾಳಿ ಅಡಿಂಗ್ಟನ್‌ನ ಬೀದಿಯ ಧೂಳನ್ನೆಲ್ಲ ಎತ್ತಿ ಅವರ ಮುಖಕ್ಕೆ ಎರಚಿತು. ಈಗ ಗ್ಯಾಲರಿಯಾಗಿದ್ದ ಹಳೆಯ ಉಣ್ಣೆ ಗೋದಾಮಿನ ಇಟ್ಟಿಗೆ ಗೋಡೆಗೆ ಭೂಕಂಪದ ನಂತರ ಕಟ್ಟಿದ ಉಕ್ಕಿನ ಪಟ್ಟಿಗಳು ಬಿಗಿದಿದ್ದವು. ಆ ಪಟ್ಟಿಗಳನ್ನು ಎಲ್ಲಿ ಬಿಗಿಯಬೇಕೆಂದು ಗುರುತು ಹಾಕಿಕೊಟ್ಟವಳು ಪ್ರಭಾಳೇ. ಆಗ ಅವಳು ಬಿರುಕು ಬಿಟ್ಟ ಕಲ್ಲುಕಟ್ಟಡಗಳನ್ನು ಪರೀಕ್ಷಿಸುತ್ತಿದ್ದಳು. ಈಗ ಕಳೆದುಹೋದ, ನಕಲಾದ ಹಳೆಯ ವಸ್ತುಗಳನ್ನು ಪರೀಕ್ಷಿಸುತ್ತಾಳೆ. ಎರಡೂ ಒಂದೇ ಕೆಲಸ ಎಂಬುದು ಅವಳ ಅಭಿಪ್ರಾಯ. ಬಿರುಕು ಎಲ್ಲಿ ಕಾಣುತ್ತದೋ ಅಲ್ಲಿ ಶುರುವಾಗಿರುವುದಿಲ್ಲ.

ಗೋದಾಮಿನ ನೆಲದ ತುಂಬ ಬಿಳಿ ಗೆರೆಗಳಲ್ಲಿ ಅಭಯಗಂಜ್ ಹರಡಿಕೊಂಡಿತ್ತು.

ಬಿಕಾನೇರದ ಉತ್ತರದ ಮರಳಿನಲ್ಲಿ ಸುಣ್ಣದ ಪುಡಿ ಚೆಲ್ಲಿ ಎಳೆದ ಊರು ಅದು. ಮೊದಲು ಬೀದಿಗಳು ಬಂದವು, ಆಮೇಲೆ ಕಾಲುವೆಯ ನೀರು ಬಂತು, ಕೊನೆಗೆ ಜನ ಬಂದರು. ನಡುವೆ ಕಾಳಿನ ಚೌಕ. ಅದರ ನಾಲ್ಕೂ ಬದಿಗೆ ಒಂದೇ ಎತ್ತರದ ಅಂಗಡಿಸಾಲು. ಪ್ರತಿ ಅಂಗಡಿಯ ಜಗಲಿಯೂ ಒಂಟೆಗಾಡಿಯ ಹಾಸಿನ ಮಟ್ಟಕ್ಕೇ ಇತ್ತು. ಚೀಲವನ್ನು ಯಾರೂ ಎತ್ತಬೇಕಿರಲಿಲ್ಲ, ಗಾಡಿಯಿಂದ ಜಗಲಿಗೆ ಜಾರಿಸಿದರೆ ಸಾಕಿತ್ತು. ಬಿಸಿಲು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕಿ ಜಗಲಿಯ ಮುಂದೆ ಮಾಡು ಇಳಿಸಿದ್ದರು. ಆ ನೆರಳಿನಲ್ಲಿ ನಡೆದರೆ ಇಡೀ ಮಾರುಕಟ್ಟೆಯನ್ನು ಬಿಸಿಲು ತಾಕದೆ ಸುತ್ತಬಹುದಿತ್ತು.

ಪಕ್ಕದಲ್ಲೇ, ಅದೇ ಅಳತೆಯಲ್ಲಿ, ಕ್ರೈಸ್ಟ್‌ಚರ್ಚ್‌ನ ನಕ್ಷೆ. ಇದೂ ಜೌಗು ನೆಲದ ಮೇಲೆ ಸರ್ವೆಯವರು ಗೆರೆ ಎಳೆದ ಮೇಲೆ ಹುಟ್ಟಿದ ಊರೇ. ಭೂಕಂಪ ಇದರ ಕಟ್ಟಡಗಳನ್ನು ಕೆಡವಿತು, ಗೆರೆಗಳನ್ನಲ್ಲ. ಅಭಯಗಂಜ್‌ನ ಹಳೆಯ ಚೌಕವನ್ನೂ ಈಗ ಕೆಡವಬೇಕೆಂದು ಹೊರಟವರಿದ್ದರು. ಅದನ್ನು ಪರಂಪರೆಯ ತಾಣವೆಂದು ಉಳಿಸಿಕೊಳ್ಳಲು ಊರಿನವರು ಹೋರಾಡುತ್ತಿದ್ದರು. ಈ ಪ್ರದರ್ಶನದಿಂದ ಹೊರದೇಶದ ಬೆಂಬಲ ಸಿಗುತ್ತದೆಂಬುದು ಅವರ ಆಸೆ.

ಚಿತ್ರಿಸಿದ ಚೌಕದ ನಟ್ಟನಡುವೆ ಎರಡು ಮರದ ಕಂಬಗಳು, ಮೇಲೊಂದು ಅಡ್ಡತೊಲೆ, ತೊಲೆಯಲ್ಲಿ ಖಾಲಿ ಕೊಂಡಿ. ಅಲ್ಲಿ ತೂಗಬೇಕಿದ್ದದ್ದೇ ಧರ್ಮಕಾಂಟಾ, ಊರಿನ ಸತ್ಯದ ತಕ್ಕಡಿ. ಯಾವ ಅಂಗಡಿಯ ತೂಕದ ಮೇಲೆ ಅನುಮಾನ ಬಂದರೂ ರೈತ ತನ್ನ ಚೀಲವನ್ನು ಅಲ್ಲಿಗೆ ತಂದು ತೂಗಿಸಬಹುದಿತ್ತು. ಅದು ಹೇಳಿದ್ದೇ ಕೊನೆಯ ಮಾತು.

"ಪ್ರಭಾ, ನಿನ್ನ ಮುಖ ನೋಡಿದರೆ ಒಳ್ಳೆಯ ಸುದ್ದಿ ಇದ್ದಂತಿದೆ," ಎಂದು ಗ್ಯಾಲರಿಯ ಮುಖ್ಯಸ್ಥೆ ಹೆಲೆನ್ ಎದುರು ಬಂದಳು. ಕುತ್ತಿಗೆಗೆ ಹಸಿರುಕಲ್ಲಿನ ಪದಕ, ಕೈಯಲ್ಲಿ ತಣ್ಣಗಾದ ಕಾಫಿ.

"ಮೊದಲು ಒಂದು ಪ್ರಶ್ನೆ. ಬಂದರಿನಲ್ಲಿ ಎಷ್ಟು ಪೆಟ್ಟಿಗೆ ಪಾಸಾದವು?"

"ಎಂಟು. ಎಂಟನ್ನೂ ಹೇರಿದೆ ಎನ್ನುತ್ತಾನೆ ಮುರಳಿ. ಇಲ್ಲಿ ಇರುವುದು ಏಳು, ಎರಡರಿಂದ ಎಂಟರವರೆಗೆ. ಒಂದನೆಯದು ಇಲ್ಲ."

"ಲಾರಿಯಿಂದ ಇಳಿಸಿಕೊಂಡವರು ಯಾರು?"

"ತನ್ಮಯ್. ನಾನು ಆವತ್ತು ವೆಲಿಂಗ್ಟನ್‌ನಲ್ಲಿದ್ದೆ."

ಪ್ರಭಾ ಗೋದಾಮಿನ ಮೂಲೆಯತ್ತ ನೋಡಿದಳು. ಅಲ್ಲಿ ಉದ್ದನೆಯ ಮರದ ಪೆಟ್ಟಿಗೆಯೊಂದನ್ನು ಬಿಳಿ ಬಟ್ಟೆಯ ಮೇಲೆ ಇಟ್ಟಿದ್ದರು. ಸುತ್ತ ಹಗ್ಗ ಕಟ್ಟಿ, 'ಪವಿತ್ರ ವಸ್ತು, ದಯವಿಟ್ಟು ಮುಟ್ಟಬೇಡಿ' ಎಂಬ ಫಲಕ ಹಾಕಿದ್ದರು.

"ಅದು?"

"ಅದು ಲೆಕ್ಕಕ್ಕೆ ಸೇರುವುದಿಲ್ಲ," ಎಂದಳು ಹೆಲೆನ್, ದನಿ ತಗ್ಗಿಸಿ. "ಊರಿನ ದೇವಸ್ಥಾನದವರು ಬೇರೆಯಾಗಿ ಕಳಿಸಿದ ಧ್ವಜದ ಕೋಲು. ಮೇಲೆ ದೇವರ ಹೆಸರು ಬರೆದಿದೆ, ತನ್ಮಯ್ ಓದಿ ಹೇಳಿದ. ನಾವು ಇಲ್ಲಿಯ ಮಾವೊರಿ ಜನರ ಟಪು, ಅಂದರೆ ಪವಿತ್ರ ವಸ್ತುಗಳನ್ನು ಹೇಗೆ ನೋಡಿಕೊಳ್ಳುತ್ತೇವೋ ಅದನ್ನೂ ಹಾಗೇ ನೋಡಿಕೊಂಡಿದ್ದೇವೆ. ಯಾರೂ ಅದರ ಹತ್ತಿರ ಊಟ ಕೂಡ ಮಾಡಿಲ್ಲ."

ಪೆಟ್ಟಿಗೆಯ ಮೇಲೆ ಕುಂಕುಮದಲ್ಲಿ ದೊಡ್ಡದಾಗಿ, ನಾಗರಿ ಅಕ್ಷರಗಳಲ್ಲಿ 'ರಾಮ್' ಎಂದು ಬರೆದಿತ್ತು. ಹೆಲೆನ್‌ಳ ಸಜ್ಜನಿಕೆಯ ಬಗ್ಗೆ ಪ್ರಭಾಳಿಗೆ ಗೌರವ ಉಕ್ಕಿತು. ಬೀಗಕ್ಕಿಂತ ಭದ್ರವಾದ ಕಾವಲು ಅದು. ಅದನ್ನು ಬಳಸಿಕೊಂಡವನಿಗೆ ಅದೂ ಗೊತ್ತಿತ್ತು.

"ತನ್ಮಯ್ ಬಂದಿದ್ದಾನಾ?"

"ಹಿಂದೆ ಇದ್ದಾನೆ. ಕರೆಯಲಾ?"

"ಕರಿ. ಗೋಧಿ ಸರಿಸಬೇಕು ಅನ್ನು."

ಪ್ರದರ್ಶನದ ಇನ್ನೊಂದು ಮಗ್ಗುಲಲ್ಲಿ ಶಾಲೆಯ ಮಕ್ಕಳು ಕೈಯಾಡಿಸಲೆಂದು ಆಶ್‌ಬರ್ಟನ್‌ನಿಂದ ತರಿಸಿದ ಗೋಧಿಯ ರಾಶಿ ಇತ್ತು. ರಾಶಿಯ ಮೇಲೊಂದು ಹಿತ್ತಾಳೆಯ ಸೇರು. ಪ್ರಭಾ ಅದರ ಮುಂದೆ ಮಂಡಿಯೂರಿ ಕುಳಿತು ಸೊಂಟ ಹಿಡಿದುಕೊಂಡಳು. ಶ್ರೀಲಕ್ಷ್ಮಿಯ ಕೈಗೆ ಖಾಲಿ ಚೀಲ ಬಂತು.

ತನ್ಮಯ್ ಪುರೋಹಿತ್ ನಗುತ್ತಲೇ ಬಂದ. ಪ್ರದರ್ಶನದ ಸಲಹೆಗಾರ, ನಲವತ್ತರ ಹತ್ತಿರದವನು, ಇಸ್ತ್ರಿ ಮಾಡಿದ ಲಿನನ್ ಅಂಗಿ. ಜಯನಗರದಲ್ಲಿ ಹುಟ್ಟಿ ಬೆಳೆದವನು. ಮೊದಲ ದಿನವೇ ಪ್ರಭಾಳಿಗೆ ಅವನು ಹೇಳಿದ್ದ: ನಾನು ಅಪ್ಪಟ ಬೆಂಗಳೂರಿಗ ಮೇಡಂ, ಮರುಭೂಮಿ ನೋಡಿದ್ದೆಲ್ಲ ಪುಸ್ತಕದಲ್ಲಿ.

"ಏನ್ ಮೇಡಂ, ಪತ್ತೇದಾರಿ ಬಿಟ್ಟು ಗೋಧಿ ವ್ಯಾಪಾರಕ್ಕೆ ಇಳಿದ್ರಾ?"

"ನಮ್ಮಪ್ಪ ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ದಲಾಲಿ ಮಾಡ್ದವ್ರು. ರಕ್ತದಾಗ ಐತ್ರಿ. ಇಲ್ನೋಡ್ರಿ, ಇದರಾಗ ಹುಳಾ ಹರಿದಾಡಿದ್ದು ನೋಡ್ದೆ ನಾ."

"ಹುಳ ಬಿದ್ರೆ ಮುಗೀತು ಕಥೆ. ಬಯೋಸೆಕ್ಯೂರಿಟಿಯವರು ನಮ್ಮನ್ನೂ ಸೇರಿಸಿ ಸುಟ್ಟುಬಿಡ್ತಾರೆ," ಎಂದು ಅವನು ತೋಳು ಮಡಿಚಿದ. "ಸರೀರಿ ಮೇಡಂ, ಸೊಂಟ ನೋವು ಇಟ್ಕೊಂಡು ನೀವ್ಯಾಕೆ? ಕೊಡಿ ಇಲ್ಲಿ."

ಅವನು ಕೂತ ರೀತಿಯನ್ನೇ ಪ್ರಭಾ ನೋಡಿದಳು. ಒಂದು ಮಂಡಿ ನೆಲಕ್ಕೆ, ಒಂದು ಮಂಡಿ ಎದೆಗೆ. ಸೇರನ್ನು ರಾಶಿಯೊಳಗೆ ನುಗ್ಗಿಸಿ ಎತ್ತಿ, ಅಂಗೈಯಂಚಿನಿಂದ ಮೇಲಿನ ಕಾಳು ಸವರಿ, ಮಣಿಕಟ್ಟು ತಿರುಗಿಸಿದ. ಚೀಲದ ಹೊರಗೆ ಒಂದು ಕಾಳೂ ಬೀಳಲಿಲ್ಲ.

"ರಾಮ್," ಎಂದ, ಉಸಿರಿನಲ್ಲಿ.

ಮತ್ತೆ ಸೇರು ತುಂಬಿತು. "ದೋ."

ಮತ್ತೆ. "ತೀನ್."

"ಒಂದು ಎಲ್ಲಿ ಹೋತ್ರಿ, ತನ್ಮಯ್?"

ಸೇರು ಗಾಳಿಯಲ್ಲೇ ನಿಂತಿತು.

"ನಮ್ಮವ್ವ ಜೋಳಾ ಅಳಿಯುವಾಗ ಒಂದು ಅಂತಿದ್ದಿಲ್ಲ," ಎಂದಳು ಪ್ರಭಾ, ಆರಾಮವಾಗಿ. "ಲಾಭ, ಎರಡು, ಮೂರು. ಇಲ್ಲಿ ರಿಕ್ಕರ್ಟನ್‌ ಮನ್ಯಾಗ ಕುಕ್ಕರಿಗೆ ಅಕ್ಕಿ ಹಾಕುವಾಗೂ ನನ್ನ ಬಾಯಾಗ ಲಾಭ ಅಂತನ ಬರ್ತೈತಿ. ಶಾಲ್ಯಾಗ ಕಲತ ಲೆಕ್ಕಾ ಬ್ಯಾರೆ, ಕಾಳು ಅಳಿಯೋ ಕೈ ಕಲತ ಲೆಕ್ಕಾ ಬ್ಯಾರೆ. ಅಭಯಗಂಜ್ ಮಂಡ್ಯಾಗ ಮೊದಲನೇದಕ್ಕ ರಾಮ್ ಅಂತಾರ. ಹೌದಿಲ್ಲೋ?"

ತನ್ಮಯ್ ಸೇರನ್ನು ನಿಧಾನವಾಗಿ ಕೆಳಗಿಟ್ಟ.

"ಪೆಟ್ಟಿಗಿ ಕಟ್ಟಿದವ ಆ ಮಂಡಿಯಂವ. ಮೊದಲನೇದರ ಮ್ಯಾಲ ರಾಮ್ ಅಂತ ಬರದ, ಆಮ್ಯಾಲ ಎರಡು, ಮೂರು, ಎಂಟರ ತನಕ. ಎಂಟು ಹೇರಿದ್ರು, ಎಂಟೂ ಬಂದಾವು. ಇಲ್ಲಿಯವ್ರಿಗೆ ಇದು ತಿಳಿಯಂಗಿಲ್ಲ. ದೇವರ ಹೆಸರು ಅಂದ್ರ ದೂರ ನಿಂತು ಕೈ ಮುಗೀತಾರ. ನಿಮಗ ತಿಳಿತಿತ್ತು. ಆದ್ರ ನೀವು ಧ್ವಜದ ಕೋಲು ಅಂದ್ರಿ."

ಶ್ರೀಲಕ್ಷ್ಮಿಯ ಕೈಯಿಂದ ಚೀಲ ಜಾರಿ ಗೋಧಿ ನೆಲದ ಮೇಲೆ ಚೆಲ್ಲಿತು. ಅವಳಿಗೆ ಹಾಕಿದ್ದ ಕಟ್ಟಪ್ಪಣೆಯೂ ಅದರೊಂದಿಗೇ ಹೋಯಿತು.

"ಮೊನ್ನೆ ಭಾನುವಾರ ನಮ್ಮನೆಗೆ ಬಂದಿದ್ರಿ! ಬಿಸಿಬೇಳೆಬಾತ್ ಎರಡು ಸಲ ಹಾಕಿಸ್ಕೊಂಡ್ರಿ. 'ಮುರಳಿ ಸರ್, ಧೈರ್ಯವಾಗಿರಿ, ಸತ್ಯ ಗೆಲ್ಲುತ್ತೆ' ಅಂದ್ರಿ. ಗಂಟಲಲ್ಲಿ ಇಳೀತಾ ಅದು?"

"ಶ್ರೀಲಕ್ಷ್ಮಿಯವ್ರೇ, ದಯವಿಟ್ಟು—"

"ಅವರು ಊಟ ಬಿಟ್ಟು ಗ್ಯಾರೇಜ್ ಸೇರ್ಕೊಂಡಿದಾರೆ ಒಂದು ವಾರದಿಂದ! ಆಫೀಸ್‌ನಲ್ಲಿ ಯಾರೂ ಮುಖ ಕೊಟ್ಟು ಮಾತಾಡಲ್ಲ!"

"ಲಕ್ಷ್ಮೀ," ಎಂದಳು ಪ್ರಭಾ. ಅಷ್ಟೇ ಸಾಕಾಯಿತು. ನಂತರ ತನ್ಮಯ್‌ನತ್ತ ತಿರುಗಿದಳು. "ಹೇಳ್ರಿ. ಹೆಲೆನ್‌ಗ ನಾ ಇಂಗ್ಲಿಷ್‌ನಾಗ ಆಮ್ಯಾಲ ಹೇಳ್ತೀನಿ. ಮೊದಲ ನಮಗ ಹೇಳ್ರಿ. ಕದ್ದು ಮಾರಾಕ ಇಟ್ಟಿದ್ರೇನು?"

"ಮಾರೋದಾ?" ಅವನ ಮುಖಕ್ಕೆ ಮೊದಲ ಬಾರಿ ಸಿಟ್ಟು ಬಂತು. "ಆ ಊರಿನ ಮಾನ ಉಳಿಸೋಕೆ ಮಾಡಿದ್ದು ಮೇಡಂ. ನಮ್ಮ ತಾತ ಅದೇ ತಕ್ಕಡಿಯಲ್ಲಿ ತೂಕ ಮಾಡ್ತಿದ್ದೋರು. ಒಂದಿನ ಬಿಟ್ಟು ಎದ್ದು ಬಂದ್ರು. ರೈಲು ಹತ್ತಿ ಬೆಂಗಳೂರಿಗೆ. ಯಾಕೆ ಅಂತ ಊರಲ್ಲಿ ಯಾರಿಗೂ ಹೇಳ್ಲಿಲ್ಲ. ನಂಗೆ ಹೇಳಿದ್ರು."

"ಏನಂತ?"

"ಧರ್ಮಕಾಂಟಾ ಸುಳ್ಳು ಹೇಳುತ್ತೆ ಅಂತ."

ಮೂವರೂ ಖಾಲಿ ಕೊಂಡಿಯತ್ತ ನೋಡಿದರು.

"ಕಾಳಿನ ಕಡೆ ತೋಳು ಒಂಚೂರು ಗಿಡ್ಡ," ಎಂದ ತನ್ಮಯ್. "ಆ ಕಡೆಯ ತಟ್ಟೆ ಒಂಚೂರು ಭಾರ. ಖಾಲಿ ಇದ್ದಾಗ ಸಮವಾಗಿ ನಿಲ್ಲುತ್ತೆ, ಯಾರಿಗೂ ಅನುಮಾನ ಬರಲ್ಲ. ತುಂಬಿಸಿದಾಗ ರೈತ ಎಷ್ಟು ಸುರಿದ್ರೂ ಕಡಿಮೇನೇ. ಮೋಸ ಆಯ್ತು ಅಂತ ಚೌಕಕ್ಕೆ ಬಂದೋನಿಗೆ ಚೌಕದಲ್ಲೇ ಮೋಸ. ಈಗ ಚೌಕ ಉಳಿಸಿ ಅಂತ ಊರು ಬೇಡ್ಕೊಳ್ತಿದೆ. ಕೆಡವೋರ ಕೈಗೆ ಇದು ಸಿಕ್ರೆ? 'ಕಳ್ಳರ ಸಂತೆ, ಅದಕ್ಕೇನು ಪರಂಪರೆ' ಅಂತಾರೆ. ಮುರಳಿ ಸರ್ ಬೇರೆ, ಉದ್ಘಾಟನೆ ದಿನ ಎಲ್ಲರ ಮುಂದೆ ತೂಗಿ ತೋರಿಸ್ತೀನಿ ಅಂದ್ರು. ಪ್ರದರ್ಶನ ಮುಗಿಯೋ ತನಕ ಪೆಟ್ಟಿಗೆ ಮುಚ್ಚಿದ್ರೆ ಸಾಕಿತ್ತು ನಂಗೆ. ಪೊಲೀಸ್ ತನಕ ಹೋಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ."

"ಒಂದೂರಿನ ಮಾನಾ ಉಳಸಾಕ ಇನ್ನೊಬ್ಬರ ಮಾನಾ ಒತ್ತಿ ಇಟ್ರಿ," ಎಂದಳು ಪ್ರಭಾ. "ಅದೂ ಕೇಳದ. ನಿಮ್ಮ ತಾತ ತಕ್ಕಡಿ ಬಿಟ್ಟು ಎದ್ದು ಹೋದ್ರು. ನೀವು ಅದನ್ನ ಹೊತ್ತಕೊಂಡು ಕುಂತ್ರಿ."

ತನ್ಮಯ್ ಅಂಗೈಗೆ ಅಂಟಿದ್ದ ಗೋಧಿ ಕೊಡವಿ ಎದ್ದು ನಿಂತ.

"ಬರ್ರಿ. ಪೆಟ್ಟಿಗಿ ಬಿಚ್ಚರಿ. ನೀವ ಮುಚ್ಚಿದ್ದು, ನೀವ ಬಿಚ್ಚರಿ."

ಹೆಲೆನ್‌ಗೆ ಪ್ರಭಾ ಎರಡೇ ಮಾತಿನಲ್ಲಿ ವಿಷಯ ತಿಳಿಸಿದಳು. ಹೆಲೆನ್ ತನ್ಮಯ್‌ನನ್ನು ದೀರ್ಘವಾಗಿ ನೋಡಿದಳು. ತಾನೇ ಹಗ್ಗ ಬಿಚ್ಚಿ ಫಲಕವನ್ನು ಗೋಡೆಗೆ ಒರಗಿಸಿಟ್ಟಳು. "ತೆರೆಯುವ ಮೊದಲು ಏನಾದರೂ ಹೇಳಬೇಕೇ?" ಎಂದು ಮೆಲ್ಲನೆ ಕೇಳಿದಳು. ಬೇಡ ಎಂದು ಪ್ರಭಾ ತಲೆಯಾಡಿಸಿದಳು.

ಮುಚ್ಚಳ ಎದ್ದಿತು. ಹಳೆಯ ರಜಾಯಿಗಳ ಮಡಿಕೆಯಲ್ಲಿ, ಆಳುದ್ದಕ್ಕೆ ಸ್ವಲ್ಪ ಕಡಿಮೆ, ಕಪ್ಪನೆಯ ಕಬ್ಬಿಣದ ದಂಡ ಮಲಗಿತ್ತು. ಹಿತ್ತಾಳೆಯ ಮುಳ್ಳು, ಸರಪಳಿ, ಎರಡು ಅಗಲವಾದ ತಟ್ಟೆಗಳು. ಶ್ರೀಲಕ್ಷ್ಮಿ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ಮೊದಲ ಬಾರಿ ನಕ್ಕಳು. ಹೆಲೆನ್ ಅವಳನ್ನು ತಬ್ಬಿಕೊಂಡಳು.

"ನಾನು ಮುರಳಿಯ ಕ್ಷಮೆ ಕೇಳಬೇಕು," ಎಂದಳು ಹೆಲೆನ್. "ಮೊದಲು ಪೊಲೀಸರಿಗೆ ಫೋನ್ ಮಾಡಿ ಹೇಳಿಬಿಡುತ್ತೇನೆ."

ಅವಳು ಫೋನ್ ಹಿಡಿದು ಕಿಟಕಿಯತ್ತ ನಡೆದಳು.

ಪ್ರಭಾಳ ಕೆಲಸ ಮುಗಿದಿತ್ತು. ಆದರೆ ತಕ್ಕಡಿ ಕಂಡರೆ ತೂಗದೆ ಇರಲು ಬ್ಯಾಡಗಿಯವಳಿಗೆ ಆಗುವುದಿಲ್ಲ. ಅವಳೂ ತನ್ಮಯ್‌ನೂ ಸೇರಿ ದಂಡವನ್ನು ಕೊಂಡಿಗೆ ಏರಿಸಿ ತಟ್ಟೆಗಳನ್ನು ತೂಗುಬಿಟ್ಟರು. ಮುಳ್ಳು ಒಮ್ಮೆ ಅತ್ತಿತ್ತ ಓಲಾಡಿ ನೆಟ್ಟಗೆ ನಿಂತಿತು.

"ಖಾಲಿ ಇದ್ದಾಗ ಹಿಂಗೇ," ಎಂದ ತನ್ಮಯ್. "ಈಗ ಎರಡೂ ಕಡೆ ಒಂದೇ ತೂಕ ಇಡಿ. ಕಲ್ಲಿನ ಕಡೆಗೆ ವಾಲುತ್ತೆ ನೋಡಿ."

ಉಳಿದ ಪೆಟ್ಟಿಗೆಗಳಲ್ಲಿ ಬಂದಿದ್ದ ಮಂಡಿಯ ತೂಕದ ಕಲ್ಲುಗಳಲ್ಲಿ ಒಂದೇ ತೂಕದ ಎರಡನ್ನು ಆರಿಸಿ ಪ್ರಭಾ ಎರಡೂ ತಟ್ಟೆಗಳಲ್ಲಿಟ್ಟಳು.

ಮುಳ್ಳು ಅಲುಗಲಿಲ್ಲ.

"ಅದಲುಬದಲು ಮಾಡಿ," ಎಂದ ಅವನು, ತುಸು ಅವಸರದಿಂದ.

ಮಾಡಿದಳು. ಮುಳ್ಳು ಹಾಗೇ ನಿಂತಿತು. ಇನ್ನೂ ಭಾರದ ಕಲ್ಲುಗಳನ್ನಿಟ್ಟಳು. ತಟ್ಟೆಗಳು ಒಂದೇ ಮಟ್ಟದಲ್ಲಿ ಶಾಂತವಾಗಿ ತೂಗಿದವು. ಇಷ್ಟು ಪ್ರಾಮಾಣಿಕವಾದ ತಕ್ಕಡಿಯನ್ನು ಪ್ರಭಾ ತನ್ನ ಜನ್ಮದಲ್ಲಿ ನೋಡಿರಲಿಲ್ಲ.

"ನಿಮ್ಮ ತಾತ ತಪ್ಪು ತಿಳಕೊಂಡಿರಬೌದು."

"ಇಲ್ಲ." ತನ್ಮಯ್‌ನ ಮುಖ ಬಿಳಚಿಕೊಂಡಿತ್ತು. "ಹೋದ ವರ್ಷ ನಾನೇ ಹೋಗಿ ತೂಗಿದ್ದೀನಿ. ಅದೇ ಚೌಕದಲ್ಲಿ, ನನ್ನ ಕೈಯಾರೆ. ವಾಲಿತ್ತು. ಮೇಡಂ, ಇದು ನಮ್ಮೂರ ಕಾಂಟಾ ಅಲ್ಲ."

ಪ್ರಭಾ ಕನ್ನಡಕ ಹಣೆಗೇರಿಸಿ ದಂಡದ ತುದಿಗೆ ಮುಖ ತಂದಳು. ಸರಪಳಿ ತೂಗುವ ತೂತು. ತಲೆಮಾರುಗಟ್ಟಲೆ ಭಾರ ಹೊತ್ತ ತೂತು ಕೆಳಗೆ ಸವೆದು ಮೊಟ್ಟೆಯ ಆಕಾರಕ್ಕೆ ಇಳಿದಿರಬೇಕು. "ತೂತು ಸವದಿಲ್ಲ, ಹೊಸಾ ನಾಣ್ಯದಂಗ ದುಂಡಗೈತಿ," ಎಂದಳು. ಮೇಲೆ ತುಕ್ಕು ಕಪ್ಪಾಗಿತ್ತು. ತೂತಿನೊಳಗೆ ಲೋಹ ಹೊಳೆಯುತ್ತಿತ್ತು.

ಹೊಸ ಕೆಲಸ. ಒಳ್ಳೆಯ ಕೈಯ ಕೆಲಸ. ಮೂಲವನ್ನು ಮುಂದಿಟ್ಟುಕೊಂಡು, ಅಳತೆ ತೆಗೆದು, ಒಂದನ್ನು ಮಾತ್ರ ತಿದ್ದಿ ಮಾಡಿದ್ದು: ಅದರ ಸುಳ್ಳನ್ನು.

"ಬಂದರಿನಿಂದ ಬಂದ ಮ್ಯಾಲ ಈ ಪೆಟ್ಟಿಗಿ ನೀವು ಬಿಚ್ಚೀರೇನು?"

"ಮುಟ್ಟಿಲ್ಲ ಮೇಡಂ. ತಾಯಾಣೆ."

ಪ್ರಭಾ ಬೆನ್ನು ನೆಟ್ಟಗೆ ಮಾಡಿದಳು. ಆಗ ಅವಳ ಮಣಿಕಟ್ಟಿನ ಮೇಲೆ ತಣ್ಣನೆಯ ಕೈಯೊಂದು ಬಿತ್ತು.

"ಪ್ರಭಕ್ಕ," ಎಂದಳು ಶ್ರೀಲಕ್ಷ್ಮಿ. ಈಗಷ್ಟೇ ನಕ್ಕಿದ್ದ ಮುಖ ಅದಲ್ಲ. "ಪೊಲೀಸರಿಗೆ ಈಗ್ಲೇ ಏನೂ ಹೇಳೋದು ಬೇಡ ಅನ್ನಿ ಹೆಲೆನ್‌ಗೆ."

"ಯಾಕ? ನಿನ್ನ ಗಂಡ ಪಾರಾದ."

"ಇಂಥದ್ದೇ ಇನ್ನೊಂದಿದೆ." ಅವಳ ದನಿ ಪ್ರಭಾಳಿಗೆ ಮಾತ್ರ ಕೇಳುವಷ್ಟಿತ್ತು. "ನಮ್ಮ ಗ್ಯಾರೇಜಿನಲ್ಲಿ, ಟಾರ್ಪಾಲಿನ್ ಕೆಳಗೆ. ಪೆಟ್ಟಿಗೆ ಇನ್ನೂ ಬಂದರಲ್ಲಿದ್ದಾಗ್ಲೇ, ಪ್ರದರ್ಶನಕ್ಕೆ ಅಂತ ನಕಲು ಮಾಡ್ತಿದೀನಿ ಅಂದಿದ್ರು. ನಕಲು ಅಂತಾನೇ ನಾನೂ ನಂಬಿದ್ದೆ, ಪ್ರಭಕ್ಕ. ನಿನ್ನೆ ಕಸ ಗುಡಿಸುವಾಗ ಎತ್ತಿ ಪಕ್ಕಕ್ಕಿಟ್ಟೆ. ಅದರ ತೂತು... ಅದು ದುಂಡಗಿಲ್ಲ."

ಕಿಟಕಿಯ ಬಳಿಯಿಂದ ಹೆಲೆನ್ ತಿರುಗಿದಳು. ಮುಖದ ತುಂಬ ನಗು. ಫೋನನ್ನು ಪ್ರಭಾಳತ್ತ ಚಾಚಿದಳು.

"ಪೊಲೀಸರು ಲೈನಿನಲ್ಲಿದ್ದಾರೆ. ಮುರಳಿ ನಿರಪರಾಧಿ ಎಂದು ನಿನ್ನ ಬಾಯಿಂದಲೇ ಕೇಳಬೇಕಂತೆ."